ಗ್ರಂಥಾಲಯವೂ ಸ್ವಲೀನರಾದ ಮಕ್ಕಳೂ

ಗ್ರಂಥಾಲಯವೆಂದೊಡನೆ ನೆನಪಿಗೆ ಬರುವುದು ಗೋಡೆಯ ಮೇಲಿನ ‘ನಿಶ್ಶಬ್ದ’ ಎಂಬ ಫಲಕ. ಮೂವತ್ತಕ್ಕೂ ಹೆಚ್ಚು ವರ್ಷ ಉಪಾಧ್ಯಾಯವೃತ್ತಿಯಲ್ಲಿದ್ದ ನಮಗೆ ಆ ಫಲಕದಲ್ಲಿ ಗೌರವವುಂಟು. ಆದರೆ ಓದುಗನ ಅನುಕೂಲಕ್ಕಾಗಿ ನಿಶ್ಶಬ್ದವೇ ಹೊರತು ನಿಶ್ಶಬ್ದಕ್ಕಾಗಿ ಓದುಗನಲ್ಲ. ಸುಮ್ಮನೆ ಕುಳಿತಿರಲಾರದ ಮಗುವಿಗೆ ಅಲ್ಲಿ ಸ್ಥಳವುಂಟೆ? ಈ ಪ್ರಶ್ನೆಯನ್ನು ವಾಚಕರ ಮುಂದಿಡಬೇಕೆಂದು ಬರೆಯುತ್ತಿರುವೆವು.

ಆಟಿಸಂ ಎಂಬ ಸ್ಥಿತಿಯನ್ನು ನಮ್ಮವರು ಸ್ವಲೀನತೆ ಎಂದು ಕನ್ನಡಿಸಿರುವರು. ಗ್ರೀಕ್ ಭಾಷೆಯಲ್ಲಿ ‘ಆಟೋಸ್’ ಎಂದರೆ ತಾನು. ಆದಕಾರಣ ತನ್ನಲ್ಲಿಯೇ ಲೀನನಾದವನೆಂಬ ಅರ್ಥವು ಪದಕ್ಕೆ ಸರಿಹೊಂದುವುದು. 1943ರಲ್ಲಿ ಅಮೆರಿಕೆಯ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಎಂಬವರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಬಳಿಕ ಈ ಹೆಸರು ಮಕ್ಕಳ ವಿಷಯದಲ್ಲಿ ರೂಢಿಗೆ ಬಂದಿತು. ಆದರೂ ಇದು ಹೊರಗೆ ನಿಂತು ನೋಡಿದವರು ಇಟ್ಟ ಹೆಸರು. ಈ ಮಕ್ಕಳಲ್ಲಿ ಅನೇಕರಿಗೆ ಲೋಕವು ದೂರವಾಗಿರುವುದಿಲ್ಲ, ಅತಿ ಸಮೀಪವಾಗಿರುವುದು. ನಾವು ಗಮನಿಸದ ದೀಪದ ಪ್ರಖರತೆಯೂ ಕುರ್ಚಿ ಎಳೆದ ಸದ್ದೂ ಅವರನ್ನು ಬಾಧಿಸುವುವು. ಮುಂದೇನು ನಡೆಯುವುದೆಂದು ತಿಳಿಯದಿದ್ದರೆ ಕಳವಳವು ಹೆಚ್ಚುವುದು. ಕಂಡವರು ಅದನ್ನು ಹಟವೆನ್ನುವರು, ಇಲ್ಲವೆ ತಾಯಿಯ ಮುದ್ದಿನ ಫಲವೆನ್ನುವರು. ಅದು ಎರಡೂ ಅಲ್ಲ.

ಅಮೆರಿಕೆಯ ನ್ಯೂಜೆರ್ಸಿ ರಾಜ್ಯದಲ್ಲಿ ಸ್ಕಾಚ್ ಪ್ಲೇನ್ಸ್, ಫ್ಯಾನ್‌ವುಡ್ ಎಂಬ ನೆರೆಯ ಊರುಗಳ ಗ್ರಂಥಾಲಯಗಳು 2008ರಲ್ಲಿ ಜೊತೆಗೂಡಿ, ಇಂಥ ಮಕ್ಕಳನ್ನೂ ಅವರ ಮನೆಯವರನ್ನೂ ಆದರಿಸುವ ಕ್ರಮವನ್ನು ಗ್ರಂಥಾಲಯದ ನೌಕರರಿಗೆ ತಿಳಿಸುವ ಕಾರ್ಯವನ್ನು ಕೈಕೊಂಡವು. ಈಗ ಆ ದೇಶದ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ‘ಸೆನ್ಸರಿ ಸ್ಟೋರಿಟೈಮ್’ ಎಂಬ ವಿಶೇಷ ಕಥಾಶ್ರವಣವು ನಡೆಯುವುದು.

ಆ ರಾಜ್ಯದಲ್ಲಿಯೇ ನೆಲೆಸಿರುವ ನಮ್ಮ ಮಗನ ಮನೆಗೆ ಹೋಗಿದ್ದಾಗ, ಐದು ವರ್ಷದ ಮೊಮ್ಮಗನೊಡನೆ ಅಂಥ ಒಂದು ಕಥಾಶ್ರವಣಕ್ಕೆ ಹೋಗುವ ಸಂದರ್ಭವು ನಮಗೊದಗಿತು. ಎಂಟೇ ಮಕ್ಕಳು, ಜೊತೆಗೆ ಅವರವರ ತಾಯಿತಂದೆಗಳು. ದೀಪಗಳನ್ನು ತಗ್ಗಿಸಿದ್ದರು. ಮಗುವಿಗೊಂದರಂತೆ ಚಿಕ್ಕ ಚಾಪೆ ಹಾಸಿತ್ತು. ಗೋಡೆಗೆ ಸಾಲಾಗಿ ಚಿತ್ರಗಳನ್ನು ಅಂಟಿಸಿದ್ದರು: ಮೊದಲು ಹಾಡು, ಬಳಿಕ ಕಥೆ, ಆಮೇಲೆ ಸಾಬೂನಿನ ಗುಳ್ಳೆಗಳ ಆಟ, ಕೊನೆಗೆ ಬೀಳ್ಕೊಡುವ ಹಾಡು. ಒಂದೊಂದು ಮುಗಿದಂತೆ ಅದರ ಚಿತ್ರವನ್ನು ತೆಗೆಯುವರು. ಮುಂದೇನೆಂಬ ಅಂಜಿಕೆಗೆ ಎಡೆಯಿಲ್ಲ. ಕೈಯಲ್ಲಿ ಹಿಸುಕಲು ಮೆತ್ತನೆಯ ಚೆಂಡು, ಸದ್ದನ್ನು ಸಹಿಸದವರಿಗೆ ಕಿವಿ ಮುಚ್ಚುವ ಸಾಧನ, ದಣಿದವರಿಗೆ ಮೂಲೆಯಲ್ಲೊಂದು ಪುಟ್ಟ ಗುಡಾರ. ಒಬ್ಬನು ಎದ್ದು ಸುತ್ತುತ್ತಿದ್ದನು; ಒಬ್ಬಳು ಕೈಗಳನ್ನು ಬಡಿಯುತ್ತಿದ್ದಳು; ಕಥೆ ಮಾತ್ರ ನಿಲ್ಲಲಿಲ್ಲ. ನಮ್ಮ ಮೊಮ್ಮಗನು ಗಟ್ಟಿಯಾಗಿ ಕಿರಿಚಿದನು. ಗ್ರಂಥಪಾಲಿಕೆಯವರು ತಮ್ಮ ಸ್ವರವನ್ನು ಇನ್ನಷ್ಟು ತಗ್ಗಿಸಿದರೇ ಹೊರತು ಬಾಗಿಲಿನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ತಾನಾಗಿಯೇ ಬಂದು, ಕಥೆಯಲ್ಲಿದ್ದ ಬಾತುಕೋಳಿಯ ಚಿತ್ರವನ್ನು ಹಲಗೆಯ ಮೇಲೆ ಅದರ ಸ್ಥಳದಲ್ಲಿಟ್ಟನು.

ಇಲ್ಲಿ ನಮ್ಮ ಸೊಸೆಯ ವಿಷಯವನ್ನು ಹೇಳಬೇಕು. ಹಿಂದೆ ಒಂದು ಭೋಜನಶಾಲೆಯಲ್ಲಿ, ಮಗುವನ್ನು ಹೊರಗೆ ಕರೆದೊಯ್ಯಿರೆಂದು ಹೇಳಿಸಿಕೊಂಡಂದಿನಿಂದ ಆಕೆ ಮದುವೆ, ಮುಂಜಿ, ಕನ್ನಡಿಗರ ಹಬ್ಬದ ಕೂಟ ಒಂದಕ್ಕೂ ಹೋಗುತ್ತಿರಲಿಲ್ಲ. ಮಗುವಿನ ಏಕಾಂತವು ಮನೆಯನ್ನೆಲ್ಲ ಆವರಿಸಿತ್ತು. ಅಂದು ಕಥೆ ಮುಗಿದ ಮೇಲೆ ತಾಯಂದಿರು ಅರ್ಧ ಘಂಟೆ ತಮ್ಮತಮ್ಮಲ್ಲಿ ಮಾತನಾಡಿದರು. ಹಿಂದಿರುಗುವಾಗ ಸೊಸೆಯು, “ಮಾವನವರೆ, ಈ ದಿನ ನಾನು ಯಾರಿಗೂ ತಪ್ಪಾಯಿತೆನ್ನಬೇಕಾಗಿ ಬರಲಿಲ್ಲ” ಎಂದಳು.

ಗ್ರಂಥಾಲಯವು ಔಷಧಾಲಯವಲ್ಲ, ಸ್ವಲೀನತೆಯನ್ನು ಗುಣಪಡಿಸುವೆನೆಂದು ಅದು ಹೇಳುವುದೂ ಇಲ್ಲ. ವಾರವೆಲ್ಲ ಪರೀಕ್ಷೆಗೂ ಶಿಕ್ಷಣಕ್ಕೂ ಒಳಗಾಗುವ ಮಗುವು ಇಲ್ಲಿ ಒಂದು ಘಂಟೆ ಕೇವಲ ಕಥೆಯ ಕೇಳುಗ. ಪಂಚತಂತ್ರದ ವಿಷ್ಣುಶರ್ಮನು ವ್ಯಾಕರಣಾದಿ ಶಾಸ್ತ್ರಗಳ ದೀರ್ಘಮಾರ್ಗವನ್ನು ಬಿಟ್ಟು ರಾಜಕುಮಾರರಿಗೆ ಕಥೆಗಳ ಮೂಲಕ ನೀತಿಯನ್ನು ಬೋಧಿಸಿದನಷ್ಟೆ. ಶಿಷ್ಯನ ಸ್ವಭಾವವನ್ನರಿತು ಕ್ರಮವನ್ನು ಬದಲಿಸುವುದು ಬೋಧಿಸುವವನ ಹೊಣೆಯೆಂಬುದು ನಮ್ಮ ದೇಶಕ್ಕೆ ಹೊಸ ಮಾತಲ್ಲ.

ಓದುಗನೊಬ್ಬೊಬ್ಬನಿಗೂ ಅವನಿಗೆ ತಕ್ಕ ಗ್ರಂಥವು ದೊರೆಯಬೇಕೆಂದು 1931ರಲ್ಲಿಯೇ ಸೂತ್ರೀಕರಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1965ರ ಗ್ರಂಥಾಲಯಗಳ ಅಧಿನಿಯಮವುಳ್ಳ ಈ ನಾಡಿನಲ್ಲಿ ಮನೆಯ ಕಂದಾಯದೊಡನೆ ಗ್ರಂಥಾಲಯದ ಕರವನ್ನೂ ತೆರುತ್ತಿರುವೆವು. ಸ್ವಲೀನ ಮಗುವಿನ ತಂದೆಯೂ ತೆರುತ್ತಿರುವನು. ವಿಕಲಚೇತನರ ಹಕ್ಕುಗಳನ್ನು ಕುರಿತ 2016ರ ಕೇಂದ್ರ ಶಾಸನವು ಎಣಿಸಿರುವ 21 ಬಗೆಗಳಲ್ಲಿ ಸ್ವಲೀನತೆಯೂ ಒಂದು. ಹೀಗಿರಲು ಆ ಮಗುವನ್ನು ಒಳಗೆ ಬಿಡುವುದು ದಾಕ್ಷಿಣ್ಯದ ಮಾತಲ್ಲ.

ಇತರ ಓದುಗರಿಗೆ ತೊಂದರೆಯಾಗದೆ ಎಂದು ಕೇಳುವವರುಂಟು. ಬಾಗಿಲು ತೆರೆಯುವುದಕ್ಕೆ ಮುಂಚೆ ವಾರಕ್ಕೊಂದು ಘಂಟೆಯನ್ನು ಗೊತ್ತುಮಾಡಿದರೆ ಯಾರಿಗೆ ತೊಂದರೆ? ಕೆಲವು ಚಿತ್ರಗಳು, ನಾಲ್ಕು ಚಾಪೆಗಳು, ವಿಷಯವನ್ನು ಬಲ್ಲವರ ಸಲಹೆ, ಸಹನೆಯುಳ್ಳ ಒಬ್ಬ ಗ್ರಂಥಪಾಲಕ: ಇಷ್ಟರಿಂದ ಆರಂಭಿಸಬಹುದು. ವಾಚಕರು ತಮ್ಮ ಊರಿನ ಗ್ರಂಥಾಲಯಕ್ಕೆ ಹೋದಾಗ ಈ ಮಾತನ್ನು ಎತ್ತಲಿ. ನೆರೆಮನೆಯಲ್ಲಿ ಅಂಥ ಮಗುವಿದ್ದರೆ ಅದರ ತಾಯಿಯನ್ನೂ ಜೊತೆಯಲ್ಲಿ ಕರೆದೊಯ್ಯಲಿ.