ನಮ್ಮ ಕಣಜ, ಪರರ ಬೀಗ

ಸದ್ಭಕ್ತರೇ, ಅರಕೆರೆಯ ಸೀಮೆಯಲ್ಲಿಯೂ ಇಂದು ಲಿಂಗದೀಕ್ಷೆ, ಮದುವೆ, ಜಾತ್ರೆಗಳ ಭಾವಚಿತ್ರಗಳು ಮೊಬೈಲಿನಿಂದ ನೇರವಾಗಿ ಗೂಗಲ್ ಸಂಸ್ಥೆಯ ಉಗ್ರಾಣವನ್ನು ಸೇರುತ್ತಿವೆ. ಚಿತ್ರಗಳಿಗೆ ಮಿತಿಯಿಲ್ಲದೆ ಉಚಿತವಾಗಿ ಸ್ಥಳ ಕೊಟ್ಟಿದ್ದ ಆ ಸಂಸ್ಥೆಯು 2021ರ ಜೂನ್ 1ರಿಂದ ಆ ಔದಾರ್ಯವನ್ನು ನಿಲ್ಲಿಸಿತು. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು 2023ರಲ್ಲಿ ತಂದಿತು. ಲಿಂಗೈಕ್ಯರಾದ ಹಿರಿಯರ ಖಾತೆಯನ್ನು ತೆರೆಯುವವರು ಯಾರು? ಗುಪ್ತಪದ ಅವರೊಡನೆಯೇ ಹೋಗಿರುತ್ತದೆ. ಸಂಸ್ಥೆಯನ್ನು ನಾವು ದೂಷಿಸುವುದಿಲ್ಲ. ಉಗ್ರಾಣ ಅದರದು, ಬೀಗವೂ ಅದರದೇ.

ಫ. ಗು. ಹಳಕಟ್ಟಿಯವರನ್ನು ನೆನೆಯಿರಿ. ಊರೂರು ತಿರುಗಿ ವಚನಗಳ ಓಲೆಗರಿಗಳನ್ನು ಕೂಡಿಸಿದ ಅವರು, ಅಚ್ಚಿಗಾಗಿ ಪರರ ಬಾಗಿಲು ಕಾಯುವುದನ್ನು ಬಿಟ್ಟು, 1925ರಲ್ಲಿ ವಿಜಾಪುರದಲ್ಲಿ ತಮ್ಮದೇ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು!

ತಾವು ಮನೆ ಮಾರಬೇಕಾಗಿಲ್ಲ. ಗೂಗಲ್‌ನ 'ಟೇಕೌಟ್' ಎಂಬ ಸೌಲಭ್ಯದಿಂದ ಚಿತ್ರಗಳನ್ನೂ ಪತ್ರಗಳನ್ನೂ ಒಟ್ಟಾಗಿ ಇಳಿಸಿಕೊಳ್ಳಬಹುದು. ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿ, ಎರಡು ಹಾರ್ಡ್ ಡಿಸ್ಕುಗಳಲ್ಲಿ ಪ್ರತಿ ಮಾಡಿಸಿರಿ. ಒಂದು ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರಲ್ಲಿರಲಿ. ಸುಮ್ಮನೆ ಇಟ್ಟ ಡಿಸ್ಕೂ ಕೆಡುತ್ತದೆ. ವರ್ಷಕ್ಕೊಮ್ಮೆ, ಬಸವ ಜಯಂತಿಯಂದಾದರೂ ತೆರೆದು ನೋಡಿರಿ.