ಗೂಟದ ಗುಂಡಿಗಳಷ್ಟೇ ಉಳಿದ ಜಾತ್ರೆ

ಬೆಳಗಿನ ಆರೂವರೆಗೆ ಬೆಂಗಳೂರಿನ ಮನೆಯಿಂದ ಹೊರಟ ಆ ಕುಟುಂಬದ ಚೀಲದಲ್ಲಿ ಚಿತ್ರಾನ್ನದ ಡಬ್ಬಿ, ನೀರಿನ ಎರಡು ಬಾಟಲಿ, ಅಮ್ಮನ ಹೂವು ಹಣ್ಣು ಇದ್ದವು. ಜೊತೆಗೆ ಎಂಟನೇ ತರಗತಿಯ ಮಗಳ ನೋಟ್‌ಬುಕ್ಕೂ ಇತ್ತು. ‘ನಮ್ಮ ನಾಡಿನ ದನದ ತಳಿಗಳು’ ಎಂಬ ಪ್ರಾಜೆಕ್ಟನ್ನು ಅವಳು ಶಾಲೆಗೆ ಒಪ್ಪಿಸಬೇಕಿತ್ತು. ಮೊದಲ ಪುಟದಲ್ಲಿ, 2000ನೇ ಇಸವಿಯಲ್ಲಿ ಅಂಚೆ ಇಲಾಖೆ ಹೊರತಂದ ಹಳ್ಳಿಕಾರ್ ಹೋರಿಯ ಅಂಚೆಚೀಟಿಯನ್ನು ಅಪ್ಪನೇ ತನ್ನ ಸಂಗ್ರಹದಿಂದ ತೆಗೆದು ಅಂಟಿಸಿದ್ದ. ಉಳಿದ ಪುಟಗಳೆಲ್ಲ ಖಾಲಿ. ‘ಪುಸ್ತಕ ನೋಡಿ ಬರೆಯೋದೇನು, ಘಾಟಿ ಜಾತ್ರೆಗೇ ಹೋಗಿಬರೋಣ’ ಎಂದವನೂ ಅವನೇ.

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್ ದೂರ. ಉಳಿದ ದಿನಗಳಲ್ಲಿ ಸಣ್ಣ ಊರೇ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವಕ್ಕೆ ಮಾತ್ರ ನೆಲ ಕಾಣದಷ್ಟು ಜನ. ರಥಕ್ಕಿಂತಲೂ ಹೆಚ್ಚು ಹೆಸರು ಅಲ್ಲಿನ ದನಗಳ ಪರಿಷೆಗೆ. ಹಳ್ಳಿಕಾರ್ ಎತ್ತು, ಹೋರಿಗಳನ್ನು ಕೊಳ್ಳಲು ಉತ್ತರ ಕರ್ನಾಟಕದಿಂದ, ಆಂಧ್ರದಿಂದ ರೈತರು ಬರುತ್ತಾರೆ. ಹೆಸರಾಂತ ಜೋಡಿಗಳನ್ನು ಶಾಮಿಯಾನದ ನೆರಳಲ್ಲಿ ಕಟ್ಟಿ, ವಾದ್ಯದೊಂದಿಗೆ ಮೆರವಣಿಗೆ ಮಾಡಿ ತರುವುದೂ ಉಂಟು. ಲಕ್ಷಗಟ್ಟಲೆ ಬೆಲೆಯ ಜೋಡಿಗಳವು, ಆ ಉಪಚಾರ ಸಹಜವೇ ಬಿಡಿ.

ಅಪ್ಪನ ಊರು ಗೌರಿಬಿದನೂರು ಕಡೆಯದು. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಅವನು ತನ್ನ ತಂದೆಯ ಜೊತೆ ಗಾಡಿಯಲ್ಲಿ ಇಲ್ಲಿಗೆ ಬಂದಿದ್ದ. ರಾತ್ರಿ ಇಬ್ಬನಿಯಲ್ಲಿ ಕಂಬಳಿ ಹೊದ್ದು ಗಾಡಿಯ ಕೆಳಗೆ ಮಲಗಿದ್ದು, ಸುತ್ತ ಸಾವಿರಾರು ಕೊರಳ ಗಂಟೆ, ಬೆಳಗ್ಗೆ ಮೂರು ಕಲ್ಲಿನ ಒಲೆಗಳಿಂದ ಏಳುತ್ತಿದ್ದ ಹೊಗೆ... ಬಸ್ಸಿನಲ್ಲಿ ರಾಜಾನುಕುಂಟೆ ದಾಟುವ ಹೊತ್ತಿಗೆ ಇದನ್ನೆಲ್ಲ ಮೂರು ಸಲ ಹೇಳಿ ಮುಗಿಸಿದ್ದ. ವ್ಯಾಪಾರಿಗಳು ಟವೆಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಹಿಡಿದೇ ಬೆಲೆ ಕಟ್ಟುವುದನ್ನು ತನ್ನ ಕರವಸ್ತ್ರ ಹಾಸಿ ತೋರಿಸಿಯೂ ಆಗಿತ್ತು. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯಬಾರದು, ನಾಳೆ ಇನ್ನೊಬ್ಬ ಗಿರಾಕಿಯ ಮುಂದೆ ಮಾತು ಕೆಡಬಾರದು, ಅದಕ್ಕೇ ಈ ಗುಟ್ಟು. ಮಗಳು ಇಷ್ಟನ್ನೂ ಬರೆದುಕೊಂಡಳು. ಐದು ವರ್ಷದ ತಮ್ಮನಿಗೆ ಬೇಕಿದ್ದುದು ಪೀಪಿ ಒಂದೇ.

ಗುಡಿಗೆ ಬಲು ದೂರದಲ್ಲೇ ಬಸ್ಸು ನಿಂತಿತು. ಮುಂದೆ ನಡಿಗೆ. ಕಡಲೆಪುರಿ, ಬೆಂಡು ಬತ್ತಾಸಿನ ಗುಡ್ಡೆಗಳ ನಡುವೆ ಜನ ಒಬ್ಬರನ್ನೊಬ್ಬರು ನೂಕಿಕೊಂಡೇ ಸಾಗುತ್ತಿದ್ದರು. ದರ್ಶನದ ಸಾಲಿನಲ್ಲಿ ಎರಡು ಗಂಟೆ ಕಳೆಯಿತು. ಇಲ್ಲಿನ ಮೂರ್ತಿಯ ವಿಶೇಷವನ್ನು ಅಮ್ಮ ಮೊದಲೇ ಹೇಳಿದ್ದಳು. ಒಂದೇ ಕಲ್ಲಿನಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿರುವ ನರಸಿಂಹನನ್ನು ಕನ್ನಡಿಯಲ್ಲೇ ನೋಡಬೇಕು. ಮಕ್ಕಳಿಬ್ಬರೂ ಆ ಕನ್ನಡಿಗಾಗಿಯೇ ಕಾದಿದ್ದರು. ಹತ್ತಿರ ಬಂದಾಗ ‘ನಡೀರಿ, ನಡೀರಿ’ ಎಂಬ ಕೂಗು, ಬೆನ್ನಿಗೊಂದು ತಳ್ಳು. ಮಗಳಿಗೆ ಕಂಡದ್ದು ಮುಂದಿನವರ ಜಡೆ, ತಮ್ಮನಿಗೆ ಅದೂ ಇಲ್ಲ. ಹೊರಗೆ ಸಾಲುಸಾಲಾಗಿ ನಿಂತ ನಾಗರಕಲ್ಲುಗಳನ್ನಾದರೂ ನಿಧಾನವಾಗಿ ನೋಡಬಹುದಿತ್ತು. ಮಕ್ಕಳ ಭಾಗ್ಯಕ್ಕಾಗಿ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ಕಲ್ಲುಗಳವು, ನೂರಾರಿವೆ. ಆದರೆ ಅಪ್ಪನಿಗೆ ದನಗಳ ಆತುರ.

ರಥ ಹೊರಟಾಗ ಇವರು ಇನ್ನೂ ಜನರ ಹಿಂದೆಯೇ ಇದ್ದರು. ಕಂಡದ್ದು ಕಳಸ, ಅದರ ಸುತ್ತ ಹಾರುತ್ತಿದ್ದ ಬಾಳೆಹಣ್ಣು, ದವನ. ಅಪ್ಪ ಎಸೆದ ಹಣ್ಣು ರಥ ಮುಟ್ಟದೆ ಯಾರದೋ ಬೆನ್ನಿಗೆ ಬಿತ್ತು.

ಆಮೇಲೆ ಬಯಲಿಗೆ ಹೋದರು. ಅಲ್ಲಿ ದನಗಳಿರಲಿಲ್ಲ.

ಒಂದೂ ಇರಲಿಲ್ಲ. ತುಳಿದು ಪುಡಿಯಾದ ರಾಗಿ ಹುಲ್ಲು, ಒಣಗಿದ ಸಗಣಿ, ಕಪ್ಪಾದ ಒಲೆಗಲ್ಲುಗಳು. ಗೂಟ ಕಿತ್ತ ಗುಂಡಿಗಳು ಎಲ್ಲೆಲ್ಲೂ. ತಮ್ಮ ಅಂಥದೊಂದರಲ್ಲಿ ಕಾಲಿಟ್ಟು ಮುಗ್ಗರಿಸಿ ಅತ್ತ. ಆಗ ತಾನೇ ಕೊಡಿಸಿದ್ದ ಪೀಪಿ ಮುರಿಯಿತು.

‘ದನ ಎಲ್ಲಪ್ಪಾ?’ ಎಂದಳು ಮಗಳು. ಅಪ್ಪ ಉತ್ತರ ಕೊಡದೆ ಮಾಕಳಿದುರ್ಗದ ಬೆಟ್ಟದತ್ತ ನೋಡುತ್ತ ನಿಂತ. ಅಮ್ಮ ಮಾತಾಡದೆ ಚಿತ್ರಾನ್ನದ ಡಬ್ಬಿ ತೆರೆದಳು. ಕೆಲವು ಗಂಡಂದಿರಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ.

ಬಯಲಿನ ಅಂಚಿನ ಹುಣಸೆ ಮರದಡಿ ಒಂದೇ ಒಂದು ಜೋಡಿ ಕಟ್ಟಿತ್ತು. ಪಕ್ಕದಲ್ಲಿ ಮುದುಕನೊಬ್ಬ ಬೀಡಿ ಸೇದುತ್ತ ಕುಳಿತಿದ್ದ. ‘ತೇರಿನ ದಿನ ದನ ನೋಡಾಕೆ ಬಂದ್ರಾ ಸ್ವಾಮಿ? ಪರ್ಸೆ ತೇರಿಗೆ ಮುಂಚೇನೇ ಮುಗೀತದೆ. ದನದೋರು ಬರೋದು ಮೊದ್ಲು, ದ್ಯಾವ್ರು ನೋಡೋರು ಬರೋದು ಆಮ್ಯಾಕೆ’ ಎಂದ. ಅಪ್ಪನಿಗೆ ಆಗ ಹೊಳೆಯಿತು. ತಂದೆಯ ಜೊತೆ ದನಕ್ಕೆ ಬಂದದ್ದು ಒಂದು ವರ್ಷ, ತಾಯಿಯ ಜೊತೆ ತೇರಿಗೆ ಬಂದದ್ದು ಇನ್ನೊಂದು ವರ್ಷ. ನಲವತ್ತು ವರ್ಷಗಳಲ್ಲಿ ನೆನಪು ಎರಡನ್ನೂ ಹೊಲಿದು ಒಂದೇ ದಿನ ಮಾಡಿಬಿಟ್ಟಿತ್ತು.

ಮುದುಕನ ಜೋಡಿಗೆ ಗಿರಾಕಿ ಸಿಕ್ಕಿರಲಿಲ್ಲ. ಊರಿಗೆ ಒಯ್ಯಲು ಟೆಂಪೋ ಕಾಯುತ್ತಿದ್ದ. ಚರ್ಮಗಂಟು ರೋಗ ಹಬ್ಬಿದ 2022ರಲ್ಲಿ ರಾಜ್ಯದ ಹಲವೆಡೆ ದನದ ಜಾತ್ರೆಗಳು ನಿಂತದ್ದನ್ನೂ, ಊರಲ್ಲಿ ಉಳುಮೆಯೆಲ್ಲ ಟ್ರ್ಯಾಕ್ಟರಿನದೇ ಆದದ್ದನ್ನೂ ಹೇಳಿದ. ದೂರುವ ದನಿಯಿರಲಿಲ್ಲ, ಲೆಕ್ಕ ಒಪ್ಪಿಸುವಂತಿತ್ತು. ಮಗಳು ನೋಟ್‌ಬುಕ್ ಹಿಡಿದು ಹತ್ತಿರ ಹೋದಳು. ಬೂದು ಮೈ, ಉದ್ದನೆಯ ಮುಖ, ಹಣೆಯ ನಡುವೆ ಗೆರೆ ಎಳೆದಂಥ ತಗ್ಗು. ಕೊಂಬುಗಳು ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಮುಂದಕ್ಕೆ ತಿರುಗಿದ್ದವು. ಅಂಚೆಚೀಟಿಯಲ್ಲಿದ್ದಂತೆಯೇ.

‘ವಯಸ್ಸು ಎಷ್ಟು ತಾತ?’

‘ನೀನೇ ಎಣ್ಸವ್ವ’ ಎಂದ ಮುದುಕ ಮೂಗುದಾರ ಹಿಡಿದು ಎತ್ತಿನ ಕೆಳದುಟಿ ಸರಿಸಿದ. ದನಕ್ಕೆ ಮೇಲಿನ ಮುಂಹಲ್ಲುಗಳೇ ಇಲ್ಲ, ಗಟ್ಟಿ ವಸಡು ಮಾತ್ರ. ಕೆಳಗಿರುವವು ಎಂಟು. ಎರಡು ವರ್ಷದ ಹೊತ್ತಿಗೆ ನಡುವಿನ ಎರಡು ಹಾಲುಹಲ್ಲು ಬಿದ್ದು ದೊಡ್ಡವು ಬರುತ್ತವೆ, ಆಗ ಅದು ‘ಎರಡು ಹಲ್ಲಿನ’ ಹೋರಿ. ಆಮೇಲೆ ನಾಲ್ಕು, ಆರು. ನಾಲ್ಕೂವರೆ ವರ್ಷದ ಸುಮಾರಿಗೆ ಎಂಟೂ ಬಂದರೆ ಬಾಯಿಗೂಡಿತು ಎನ್ನುತ್ತಾರೆ. ಅಲ್ಲಿಂದಾಚೆಗೆ ಹಲ್ಲಿನ ಸವೆತ ನೋಡಿಯೇ ಅಂದಾಜು. ಮಾರುವವನ ಮಾತು ಏನೇ ಇರಲಿ, ಬಾಯಿ ಸುಳ್ಳು ಹೇಳುವುದಿಲ್ಲ ಎಂದು ಕೊಳ್ಳುವವರು ಮೊದಲು ಕೈ ಹಾಕುವುದು ಅಲ್ಲಿಗೇ. ಮಗಳು ಬಗ್ಗಿ ಎಣಿಸಿದಳು. ಆರು. ಎತ್ತು ಉಸಿರು ಬಿಟ್ಟಾಗ ನೋಟ್‌ಬುಕ್ಕಿನ ಪುಟ ಒದ್ದೆಯಾಯಿತು. ಅಷ್ಟರಲ್ಲಿ ಟೆಂಪೋ ಬಂತು, ಮುದುಕ ಹಗ್ಗ ಬಿಚ್ಚಿದ. ಎಲ್ಲ ಸೇರಿ ಹತ್ತು ನಿಮಿಷ ಆಗಿರಬಹುದು.

ವಾಪಸು ಬಸ್ಸಿಗೆ ಒಂದೂವರೆ ಗಂಟೆ ಕಾಯಬೇಕಾಯಿತು. ಸೀಟೂ ಸಿಗಲಿಲ್ಲ. ತಮ್ಮ ಮುರಿದ ಪೀಪಿ ಹಿಡಿದೇ ಅಮ್ಮನ ಹೆಗಲ ಮೇಲೆ ನಿದ್ದೆ ಹೋದ. ದೊಡ್ಡಬಳ್ಳಾಪುರದ ಬಳಿ ಬಸ್ಸು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಅಪ್ಪ ಊರಿನ ಅಣ್ಣನಿಗೆ ಫೋನ್ ಮಾಡಿದ. ಆ ಕಡೆಯಿಂದ ಜೋರು ನಗು: ‘ತೇರಿನ ದಿನ ದನ ನೋಡೋಕೆ ಹೋದ್ಯೇನೋ? ಅಪ್ಪ ಇದ್ದಿದ್ರೆ ಬಾರುಕೋಲು ತಗೋತಿದ್ರು.’ ನಗು ನಿಂತ ಮೇಲೆ ಅಣ್ಣ ಇನ್ನೊಂದು ಮಾತು ಹೇಳಿದ. ಮನೆಯ ಕೊನೆಯ ಜೋಡಿಯನ್ನು ತಂದೆ ಮಾರಿದ್ದೂ ಆ ಬಯಲಿನಲ್ಲೇ. ಮಾರಿದ ಮೇಲೆ ತೇರಿಗೆ ನಿಲ್ಲದೆ ಸೀದಾ ಮನೆಗೆ ಬಂದಿದ್ದರಂತೆ. ಬೆಂಗಳೂರಿನಲ್ಲಿ ಓದುತ್ತಿದ್ದ ತಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಮಗಳು ಫೋನಿಗೆ ಕೈ ಚಾಚಿದಳು. ‘ದೊಡ್ಡಪ್ಪಾ, ಆ ಎತ್ತುಗಳಿಗೆ ಎಷ್ಟು ಹಲ್ಲಿದ್ದವು?’

‘ಎರಡೂ ಬಾಯಿಗೂಡಿದ್ದವು ಕಣವ್ವ. ಯಾಕೆ?’

ಅವಳು ಒಂದು ಕೈಯಲ್ಲಿ ಕಂಬಿ ಹಿಡಿದಿದ್ದಳು. ಪೆನ್ನು ತೆಗೆಯಲಾಗದೆ, ನೋಟ್‌ಬುಕ್ಕನ್ನು ಅಪ್ಪನ ಕೈಗಿತ್ತು, ‘ನೀನೇ ಬರೀ ಅಪ್ಪಾ’ ಎಂದಳು.