ಮನೆಗೆ ಬಂದ ಬಿಳಿಯಾನೆ

ತಳೇಗಾಂವ ದಾಭಾಡೆಗೆ ಬಂದು ನೆಲೆಸಿದ ಮೇಲೆ ನಾವೊಂದು ಹಳೆಯ ಮರ್ಸಿಡಿಸ್ ಕಾರು ಕೊಂಡೆವು. 1995ರಲ್ಲಿ ಇಲ್ಲಿಗೆ ಹತ್ತಿರದ ಪಿಂಪ್ರಿಯಲ್ಲೇ ಜೋಡಣೆಯಾಗತೊಡಗಿದ ಇ-220 ಜಾತಿಯದು. ತವರಿನ ನೆರೆಗೇ ಮರಳಿತೆಂದು ನಮಗೆ ಹಿಗ್ಗು. ಕಾರು ಹಳೆಯದಾದರೂ ಬಿಡಿಭಾಗಗಳ ಬೆಲೆ ಹೊಸ ಕಾರಿನದೇ! ಹೀಗಾಗಿ ರಿಪೇರಿಗೆ ನಾವೇ ಕೈಹಾಕಿದೆವು. ಆ ವರ್ಷಗಳ ಕಾರುಗಳಲ್ಲಿ ಇಂಜಿನ್ನಿನ ವೈರುಗಳ ಹೊದಿಕೆ ಕಾವಿಗೆ ಹಪ್ಪಳದಂತೆ ಪುಡಿಯಾಗುತ್ತದೆ. ಅದನ್ನು ಬದಲಿಸಿದೆವು, ಎಣ್ಣೆ, ಪ್ಲಗ್ಗು ಹೊಸದು ಹಾಕಿದೆವು. ನಮಗೂ ಸ್ವಲ್ಪ ಜಂಬ ಬಂದಿತೆನ್ನಿ.

ಒಂದು ಭಾನುವಾರ ಬ್ರೇಕು ನೋಡಲೆಂದು ಚಕ್ರ ಬಿಚ್ಚಿ, ಬರಿಯ ಜಾಕಿನ ಮೇಲೆ ಗಾಡಿ ನಿಲ್ಲಿಸಿದ್ದೆವು. ಬೋಲ್ಟೊಂದು ಅಡಿಗೆ ಉರುಳಿತು. ಮಗ ಕೈಚಾಚಿದ. “ಈಚೆ ಬಾರೋ!” ಎಂದು ಅವನ ತಾಯಿ ಕೂಗಿದ್ದೇ ತಡ, ಜಾಕು ಜಾರಿ ಕಾರು ನೆಲಕ್ಕೆ ಕುಳಿತಿತು. ಬೋಲ್ಟು ಒಳಗುಳಿಯಿತು, ದೇವರು ದೊಡ್ಡವನು, ಕೈ ಹೊರಗಿತ್ತು.

ಅಂದಿನಿಂದ ಸಮನೆಲ, ಉಳಿದ ಚಕ್ರಗಳಿಗೆ ಅಡ್ಡಗಲ್ಲು, ಕಾರಿನಡಿ ಕಬ್ಬಿಣದ ಸ್ಟ್ಯಾಂಡು ಇಲ್ಲದೆ ನಾವು ಸ್ಪ್ಯಾನರು ಮುಟ್ಟುವುದಿಲ್ಲ. ಬ್ರೇಕಿನ ಕೆಲಸವಂತೂ ಮಿಸ್ತ್ರಿಯ ಪಾಲಿಗೇ ಬಿಟ್ಟಿದ್ದೇವೆ. ವಾಚಕರೇ, ನಾಲ್ಕು ಕಾಸು ಉಳಿಸುವ ಹುರುಪಿನಲ್ಲಿ ಮಕ್ಕಳ ಕೈಯನ್ನು ಅಡವಿಡಬೇಡಿ.